ಪದಚರ್ಚೆ: ರೆಸಿಸ್ಟೆನ್ಸ್, ಪವರ್ – ಚಾರ್ಟಿಗೆ ಯಾವ ಪದ? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಿಕಲ್ ಲ್ಯಾಬಿನ ಗೋಡೆಗೆ ಹಾಕೋ ಒಂದು ಚಾರ್ಟ್ ಕನ್ನಡಕ್ಕೆ ತರ್ತಿದ್ದೀನಿ, ಸಂಜೆ ಒಳಗೆ ಪ್ರಿಂಟಿಗೆ ಹೋಗ್ಬೇಕು. ಮೀಟರಿನಲ್ಲಿ ವೋಲ್ಟೇಜು, ಕರೆಂಟು ಓದ್ಕೊಂಡು ಅದರಿಂದ ರೆಸಿಸ್ಟೆನ್ಸು, ಪವರು ಲೆಕ್ಕ ಹಾಕೋದು, ಅಷ್ಟೇ ವಿಷಯ. ತಲೆಬರಹ "ಓಮ್‌ನ ನಿಯಮ". ಸದ್ಯಕ್ಕೆ ಹೀಗೆ ಬರ್ದಿದ್ದೀನಿ:

ಪ್ರತಿರೋಧ = ವಿಭವಾಂತರ ÷ ವಿದ್ಯುತ್
ಶಕ್ತಿ = ವಿಭವಾಂತರ × ವಿದ್ಯುತ್

ಉದಾಹರಣೆಗೆ 12 ವೋಲ್ಟ್, 2 ಆಂಪಿಯರ್ ಇದ್ರೆ ಪ್ರತಿರೋಧ 6 ಓಮ್, ಶಕ್ತಿ 24 ವ್ಯಾಟ್. ಪ್ರತಿರೋಧ ಸರೀನಾ, ರೋಧ ಸರೀನಾ? ಬೇಗ ಹೇಳಿ ದಯವಿಟ್ಟು.

---

ರೋಧ. ಪಠ್ಯಪುಸ್ತಕದಲ್ಲಿ ಇರೋದು ಅದೇ. ಪ್ರತಿರೋಧ ಹಿಂದಿ ಪುಸ್ತಕದ ಪದ, ಅಲ್ಲಿಂದ ಅನುವಾದ ಮಾಡೋರ ಕೈಯಲ್ಲಿ ನುಸುಳಿ ಬಂದಿದೆ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

---

> ಚರ್ಚೆಗೆ ಏನೂ ಇಲ್ಲ

ಇದೆ. ರೋಧ, ಪ್ರತಿರೋಧ, ನಿರೋಧ, ವಿರೋಧ ಎಲ್ಲಾ ಒಂದೇ ರುಧ್ ಧಾತುವಿನ ಮಕ್ಕಳು, ಕನ್ನಡದ್ದು ಒಂದೂ ಅಲ್ಲ. ರೆಸಿಸ್ಟರಿಗೆ ರೋಧಕ ಅಂತೀರಿ, ಇನ್ಸುಲೇಟರಿಗೆ ವಿದ್ಯುತ್ ನಿರೋಧಕ ಅಂತಾನೂ ಬರೀತಾರೆ, ಓದೋ ಹುಡುಗ ಒಂದು "ನಿ" ನೋಡ್ದೇ ಹೋದ್ರೆ ಕರೆಂಟ್ ಹರಿಯೋ ವಸ್ತುವೂ ಹರಿಯದ ವಸ್ತುವೂ ಒಂದೇ ಅನ್ಕೊಂಡ. ತಮಿಳಲ್ಲಿ ನೋಡಿ, ರೆಸಿಸ್ಟೆನ್ಸಿಗೆ ಮಿನ್‌ತಡೈ ಅಂತ ಸ್ವಚ್ಛವಾಗಿ ಇಟ್ಕೊಂಡಿದ್ದಾರೆ. ನಮಗೂ ಮಿನ್ ಇದೆ, ಮಿನುಗು, ಮಿಂಚು ಎಲ್ಲಾ ಅದರಿಂದ್ಲೇ, ತಡೆ ಅಂತೂ ದಿನಾ ಬಾಯಲ್ಲಿರೋ ಪದ. ಮಿನ್ + ತಡೆ = ಮಿಂದಡೆ. ಕರೆಂಟಿಗೆ ಮಿನ್‌ಹರಿವು. ಹಾಕಿ ನೋಡಿ, ಬಳಸ್ತಾ ಬಳಸ್ತಾ ರೂಢಿ ಆಗುತ್ತೆ.

---

ಮಿಂದಡೆ ಆಗಲ್ಲ. ವಚನಗಳ ಕನ್ನಡದಲ್ಲಿ ಅದಕ್ಕೆ ಆಗ್ಲೇ ಅರ್ಥ ಇದೆ, ಸ್ನಾನ ಮಾಡಿದರೆ ಅಂತ. ಬಂದಡೆ, ಎಂದಡೆ ಇದ್ದ ಹಾಗೆ. ಬರೀ "ತಡೆ" ಅಂತ ಹಾಕಿದ್ರೆ ನನ್ನ ತಕರಾರಿಲ್ಲ. ಆದ್ರೆ ನೀವಿಬ್ರೂ ರೋಧದ ಹಿಂದೆ ಬಿದ್ದು ಚಾರ್ಟಿನಲ್ಲಿರೋ ನಿಜವಾದ ತಪ್ಪು ಬಿಟ್ಟಿದ್ದೀರಿ.

> ಶಕ್ತಿ = ವಿಭವಾಂತರ × ವಿದ್ಯುತ್

ಎರಡು ಕಡೆ ತಪ್ಪು. ಮೊದಲನೇದು ಶಕ್ತಿ. ಶಕ್ತಿ ಎನರ್ಜಿಗೆ ಹೋಗಿಯಾಯ್ತು, ಜೌಲಿನಲ್ಲಿ ಅಳೆಯೋದು. ವ್ಯಾಟ್ ಅಂದ್ರೆ ಒಂದು ಸೆಕೆಂಡಿಗೆ ಎಷ್ಟು ಜೌಲ್ ಅನ್ನೋ ದರ, ಅದಕ್ಕೆ ಪದ ಸಾಮರ್ಥ್ಯ. ನಿಮ್ಮ 24 ವ್ಯಾಟ್ ಒಂದು ಗಂಟೆ ಓಡಿದ್ರೆ 86,400 ಜೌಲ್ ಖರ್ಚಾಗುತ್ತೆ, ಆ 86,400ಕ್ಕೆ ಶಕ್ತಿ ಅನ್ನಿ, 24ಕ್ಕೆ ಅನ್ಬೇಡಿ. ಈಗಾಗ್ಲೇ ಜನ ಕಿಲೋವ್ಯಾಟು, ಕಿಲೋವ್ಯಾಟ್ ಅವರ್ ಎರಡೂ ಒಂದೇ ಅನ್ಕೊಂಡಿದ್ದಾರೆ, ಚಾರ್ಟೂ ಅದನ್ನೇ ಕಲಿಸೋದು ಬೇಡ.

ಎರಡನೇದು, ವಿದ್ಯುತ್ ಅನ್ನೋದು ಒಟ್ಟು ವಿಷಯದ ಹೆಸರು, ಆಂಪಿಯರಿನಲ್ಲಿ ಅಳೆಯೋದು ವಿದ್ಯುತ್ ಪ್ರವಾಹ. "ಕರೆಂಟು ಹೋಯ್ತು" ಅಂತೀವಲ್ಲ, ಅಲ್ಲಿ ಹೋಗಿರೋದು ಸಪ್ಲೈ, ಆ ಅರ್ಥ ಬಾಯಲ್ಲಿ ಎಷ್ಟು ಗಟ್ಟಿ ಕೂತಿದೆ ಅಂದ್ರೆ ಚಾರ್ಟಿನಲ್ಲಿ ಬರೀ ಕರೆಂಟು ಅಂತ ಹಾಕೋಕೂ ನನಗೆ ಹೆದರಿಕೆ.

ತಲೆಬರಹಾನೂ ಬದಲಾಯಿಸಿ. ಭಾಗಾಕಾರ ಮಾಡಿ ರೋಧ ಕಂಡುಹಿಡಿಯೋದು ರೋಧದ ವ್ಯಾಖ್ಯೆ. 1827ರಲ್ಲಿ ಓಮ್ ಪ್ರಕಟಿಸಿದ ನಿಯಮ ಹೇಳೋದು ಬೇರೆ: ತಾಪ ಬದಲಾಗದೇ ಇದ್ರೆ ಲೋಹದ ತಂತಿಯಲ್ಲಿ ಆ ಭಾಗಲಬ್ಧ ಸ್ಥಿರವಾಗಿರುತ್ತೆ ಅಂತ. ನಿಮ್ಮ 6 ಓಮ್ ಸ್ಥಿರ ಅಂತ ಇಟ್ಕೊಂಡು 24 ವೋಲ್ಟ್ ಕೊಟ್ರೆ 4 ಆಂಪಿಯರ್, ಅಂದ್ರೆ 96 ವ್ಯಾಟ್, ವೋಲ್ಟೇಜ್ ಡಬಲ್ ಆದ್ರೆ ಸಾಮರ್ಥ್ಯ ನಾಲ್ಕು ಪಟ್ಟು. ಆದ್ರೆ ಅದೇ ಜಾಗದಲ್ಲಿ ಟಂಗ್‌ಸ್ಟನ್ ತಂತಿಯ ಬಲ್ಬ್ ಇದ್ರೆ ಈ ಲೆಕ್ಕ ಕೈಕೊಡುತ್ತೆ, ತಂತಿ ಕಾದಷ್ಟೂ ರೋಧ ಏರುತ್ತೆ, ಉರಿಯೋ ಬಲ್ಬಿನ ರೋಧ ತಣ್ಣಗಿರೋ ಬಲ್ಬಿನ ಹತ್ತು ಪಟ್ಟಿಗೂ ಹೆಚ್ಚಿರಬಹುದು. ಜೊತೆಗೆ "ಡಿಸಿಗೆ ಮಾತ್ರ" ಅಂತ ಕೆಳಗೆ ಬರೀರಿ, ಡಿಸಿ ಅಂದ್ರೆ ಒಂದೇ ದಿಕ್ಕಿಗೆ ಹರಿಯೋದು, ಎಸಿ ಅಂದ್ರೆ ದಿಕ್ಕು ಬದಲಾಯಿಸ್ತಾ ಇರೋದು. ಎಸಿಯಲ್ಲಿ ಮೋಟರ್ ಓಡ್ತಿದ್ರೆ ಬರೀ ಗುಣಿಸಿದ್ರೆ ವ್ಯಾಟ್ ಬರಲ್ಲ, ಪವರ್ ಫ್ಯಾಕ್ಟರ್ (ಆ ಗುಣಲಬ್ಧದಲ್ಲಿ ನಿಜವಾಗಿ ಬಳಕೆಯಾಗೋ ಪಾಲು) ಬೇಕು, ಭಾಗಿಸಿದ್ರೂ ಬರೋದು ರೋಧ ಅಲ್ಲ, ಇಂಪೀಡೆನ್ಸ್, ಅಂದ್ರೆ ಎಸಿ ಹರಿವಿಗೆ ಆಗೋ ಒಟ್ಟು ತಡೆ.

---

> ಅದಕ್ಕೆ ಪದ ಸಾಮರ್ಥ್ಯ

ಬ್ಯಾಟರಿ ಸಾಮರ್ಥ್ಯ ಅಂದಾಗ ಆಂಪಿಯರ್ ಅವರ್, ಟ್ಯಾಂಕಿನ ಸಾಮರ್ಥ್ಯ ಅಂದಾಗ ಲೀಟರ್, ಈಗ ವ್ಯಾಟಿಗೂ ಅದೇನಾ? ಇನ್ನು ವಿಭವ ಅಂದ್ರೆ ಸಿರಿ, ಸಂಪತ್ತು, ಅರವತ್ತು ಸಂವತ್ಸರಗಳಲ್ಲಿ ಒಂದರ ಹೆಸರೂ ಹೌದು. ವೋಲ್ಟೇಜಿಗೂ ಅದಕ್ಕೂ ಏನು ಸಂಬಂಧ? ಸಂಸ್ಕೃತದಿಂದ ಎತ್ತಿದ್ರೆ ಶಾಸ್ತ್ರ, ಇಂಗ್ಲಿಷಿನಿಂದ ಎತ್ತಿದ್ರೆ ಕಲಬೆರಕೆ, ಈ ಧೋರಣೆ ಇರೋವರೆಗೂ ಕನ್ನಡದಲ್ಲಿ ವಿಜ್ಞಾನ ಬಾಯಿಪಾಠವಾಗೇ ಇರುತ್ತೆ. ವೋಲ್ಟ್, ಆಂಪಿಯರ್, ಓಮ್, ವ್ಯಾಟ್ ನಾಲ್ಕೂ ಮನುಷ್ಯರ ಹೆಸರು, ಇಟಲಿ, ಫ್ರಾನ್ಸ್, ಜರ್ಮನಿ, ಸ್ಕಾಟ್ಲೆಂಡಿನವರು, ನಾವು ಒಂದಕ್ಷರ ಬದಲಾಯಿಸ್ದೇ ಅವರನ್ನ ಒಳಗೆ ಬಿಟ್ಕೊಂಡಿದ್ದೀವಿ. ಹಾಗಿರೋವಾಗ ವೋಲ್ಟೇಜ್ ಅಂದ್ರೆ ಏನು ಕೆಟ್ಟು ಹೋಗುತ್ತೆ?

---

ಕೆಡಲ್ಲ. ವೋಲ್ಟೇಜ್ ಹಾಕ್ಲಿ, ಸಂತೋಷ. ನಾನು ಬಿಡದೇ ಇರೋದು ಒಂದೇ ಒಂದು, ಶಕ್ತಿ ಮತ್ತು ಸಾಮರ್ಥ್ಯ ಬೇರೆ ಬೇರೆ ಇರ್ಬೇಕು. ಸಾಮರ್ಥ್ಯ ಬೇಡ ಅನ್ಸಿದ್ರೆ ಪವರ್ ಅಂತ್ಲೇ ಬರೀಲಿ, ಶಕ್ತಿ ಮಾತ್ರ ಬೇಡ.

---

ಪ್ರತಿರೋಧ ತೆಗೆದ್ರಾ ಇಲ್ವಾ? ಮೊದಲು ಅದು ಹೇಳಿ.

---

ತೆಗೆದೆ. ಪ್ರೂಫಿನಲ್ಲಿ ಈಗ ಹೀಗಿದೆ:

ರೋಧ (ಓಮ್) = ವೋಲ್ಟೇಜ್ ÷ ವಿದ್ಯುತ್ ಪ್ರವಾಹ
ಸಾಮರ್ಥ್ಯ (ವ್ಯಾಟ್) = ವೋಲ್ಟೇಜ್ × ವಿದ್ಯುತ್ ಪ್ರವಾಹ

ಕೆಳಗೆ "ಡಿಸಿಗೆ ಮಾತ್ರ" ಅಂತಾನೂ ಸೇರಿಸ್ದೆ, ತಲೆಬರಹ "ರೋಧ ಮತ್ತು ಸಾಮರ್ಥ್ಯದ ಲೆಕ್ಕ" ಅಂತ ಮಾಡ್ದೆ. ಸಾಮರ್ಥ್ಯದ ಪಕ್ಕ ವ್ಯಾಟ್ ಅಂತ ಮಾನ ಹಾಕಿರೋದ್ರಿಂದ ಬ್ಯಾಟರಿ ಸಾಮರ್ಥ್ಯದ ಗೊಂದಲ ಚಾರ್ಟಿನ ಮಟ್ಟಿಗೆ ಬರಲ್ಲ ಅನ್ಸುತ್ತೆ. "ತಡೆ" ನನಗೂ ಇಷ್ಟ ಆಯ್ತು, ಆದ್ರೆ ಹುಡುಗ್ರು ಪರೀಕ್ಷೆಯಲ್ಲಿ ರೋಧ ಅಂತ್ಲೇ ಬರೀಬೇಕು. ಇಂಪೀಡೆನ್ಸಿಗೆ ಪದ ಏನು ಅಂತ ಯಾರಾದ್ರೂ ಹೇಳಿ, ಮುಂದಿನ ಚಾರ್ಟ್ ಎಸಿದು.