ಪ್ರಶ್ನೋತ್ತರ: ಯುದ್ಧದಲ್ಲಿ ಕಾಲು ಕಳೆದುಕೊಂಡವನು ಗೋದಾಮಿನ ಕೆಲಸಕ್ಕೆ ಸೇರಬಹುದೇ?

ಪ್ರಶ್ನೆ: ವೈದ್ಯರಿಗೆ ನಮಸ್ಕಾರ. ನೆಲಬಾಂಬ್ ಸ್ಫೋಟದಲ್ಲಿ ನನ್ನ ಎಡಗಾಲು ಮೊಣಕಾಲಿನ ಕೆಳಗೆ ಹೋಗಿ 14 ತಿಂಗಳಾಯಿತು. ಈಗ ಸೇನೆಯಿಂದ ಬಿಡುಗಡೆಯಾಗಿದ್ದೇನೆ, ಕೃತಕ ಕಾಲಿನಲ್ಲಿ ನಡೆಯುತ್ತೇನೆ. ಗೋದಾಮೊಂದರಲ್ಲಿ ಮೇಲ್ವಿಚಾರಕನ ಕೆಲಸ ಸಿಗುವಂತಿದೆ. ಆದರೆ ಸಂಜೆಯಾಗುತ್ತಲೇ ಕಾಲು ಸಡಿಲವಾಗಿ ಚರ್ಮ ಕೆಂಪಾಗುತ್ತದೆ. ರಾತ್ರಿ, ಇಲ್ಲದ ಬೆರಳುಗಳು ನೋಯುತ್ತವೆ. ನಾಲ್ಕು ಜನ ಒಟ್ಟಿಗೆ ಮಾತನಾಡಿದರೆ ಏನೂ ತಿಳಿಯುವುದಿಲ್ಲ. ನೋವೆಲ್ಲ ಭ್ರಮೆ ಎಂದು ಮನೆಯವರು ಹೇಳುತ್ತಾರೆ. ಕೆಲಸಕ್ಕೆ ಸೇರಲೇ?

ಉತ್ತರ (ಪುನರ್ವಸತಿ ವೈದ್ಯರು): ನಮಸ್ಕಾರ. ಮೊದಲಿಗೆ, ಅದು ಭ್ರಮೆಯಲ್ಲ. ಕಾಲು ಹೋದ ಮೇಲೂ ಅದಕ್ಕೆ ಮೀಸಲಾದ ಮಿದುಳಿನ ಭಾಗ ಉಳಿದಿರುತ್ತದೆ, ತುಂಡಾದ ನರಗಳ ತುದಿಗಳೂ ಸುಮ್ಮನಿರುವುದಿಲ್ಲ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿಕೊಂಡಿದ್ದ ಸೈಲಸ್ ವಿಯರ್ ಮಿಚೆಲ್ 1871ರಲ್ಲೇ ಇದಕ್ಕೆ 'ಫ್ಯಾಂಟಮ್ ಲಿಂಬ್', ಅಂದರೆ ಇಲ್ಲದಿದ್ದರೂ ಇರುವಂತೆ ಅನಿಸುವ ಅಂಗ, ಎಂಬ ಹೆಸರು ಕೊಟ್ಟರು. ಮನೆಯವರಿಗೆ ಇದನ್ನು ಓದಿ ಹೇಳಿ. ಔಷಧಗಳಿವೆ, ಜೊತೆಗೆ ಇರುವ ಕಾಲಿನ ಪ್ರತಿಬಿಂಬ ನೋಡುತ್ತ ಮಾಡುವ ಕನ್ನಡಿ ಚಿಕಿತ್ಸೆಯಿಂದ ಕೆಲವರಿಗೆ ನೋವು ತಗ್ಗುತ್ತದೆ.

ಸಡಿಲವಾಗುವುದಕ್ಕೆ ಕಾರಣ ಸರಳ. ಉಳಿದ ಕಾಲಿನ ಭಾಗ ದಿನವಿಡೀ ಒತ್ತಡದಲ್ಲಿದ್ದು ಸಂಜೆಗೆ ಕುಗ್ಗುತ್ತದೆ. ಮಧ್ಯಾಹ್ನ ಒಂದು ಕಾಲುಚೀಲ ಹೆಚ್ಚು ಹಾಕಿಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಮೊದಲ ಒಂದು, ಒಂದೂವರೆ ವರ್ಷದಲ್ಲಿ ಅದರ ಆಕಾರವೇ ಬದಲಾಗುವುದರಿಂದ, ಹಳೆಯ ಸಾಕೆಟ್ (ಕೃತಕ ಕಾಲಿನಲ್ಲಿ ಉಳಿದ ಕಾಲು ಕೂರುವ ಬಟ್ಟಲಿನಂಥ ಭಾಗ) ಬದಲಿಸುವ ಸಮಯ ಬಂದಿದೆಯೇ ಎಂದು ಕೃತಕ ಕಾಲು ತಯಾರಿಸಿದವರಿಗೆ ತೋರಿಸಿ.

ನಿಜ ಹೇಳಬೇಕೆಂದರೆ, ನಿಮ್ಮ ಕಾಲಿಗಿಂತ ಕಿವಿಯ ಬಗ್ಗೆ ನನಗೆ ಹೆಚ್ಚು ಚಿಂತೆ. ಸ್ಫೋಟದ ಒತ್ತಡದಿಂದ ಒಳಗಿವಿಯ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆಗ ಧ್ವನಿ ಕೇಳಿಸಿದರೂ ಗದ್ದಲದ ನಡುವೆ ಮಾತು ಬಿಡಿಸಿ ತಿಳಿಯುವುದಿಲ್ಲ. ಸರಕು ಎತ್ತುವ ವಾಹನಗಳು ಹಿಮ್ಮುಖವಾಗಿ ಓಡಾಡುವ ಜಾಗದಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ಮಾತು. ಸೇರುವ ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಮರೆವು, ತಲೆನೋವು, ಸಿಡುಕು ಇದ್ದರೆ ಅದನ್ನೂ ಮುಚ್ಚಿಡಬೇಡಿ. ಅದೇ ಸ್ಫೋಟ ಮಿದುಳಿಗೂ ಪೆಟ್ಟು ಕೊಟ್ಟಿರಬಹುದು.

ಪ್ರಶ್ನೆ: ಹಾಗಾದರೆ ಪೂರ್ತಿ ಗುಣವಾಗುವವರೆಗೆ ಕಾಯಬೇಕೇ? ಮಾಲೀಕರಿಗೆ ಏನು ಹೇಳಲಿ?

ಉತ್ತರ: ಕಾಯಬೇಕಿಲ್ಲ. ಬ್ರಿಟನ್ನಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಬೆನ್ನುಹುರಿ ಗಾಯಾಳುಗಳ ವಿಭಾಗ ತೆರೆದ ಲುಡ್ವಿಗ್ ಗುಟ್‌ಮನ್, ಸೈನಿಕರಿಗೆ ಕ್ರೀಡೆಯ ಜೊತೆಗೆ ಮರಗೆಲಸ, ಗಡಿಯಾರ ರಿಪೇರಿಯಂತಹ ಕೆಲಸವನ್ನೂ ಚಿಕಿತ್ಸೆಯ ಭಾಗವಾಗಿಯೇ ಕೊಡಿಸಿದರು. ಮಾಲೀಕರಿಗೆ ನಿಮ್ಮ ರೋಗದ ಚರಿತ್ರೆಯೆಲ್ಲ ಬೇಕಾಗಿಲ್ಲ; ಮಧ್ಯಾಹ್ನ ಹತ್ತು ನಿಮಿಷ ಕಾಲು ಬಿಚ್ಚಿ ಕೂರಲು ಜಾಗ, ಮುಖ್ಯ ಸೂಚನೆಗಳು ಬರಹದಲ್ಲಿ, ಮೊದಲ ಕೆಲವು ವಾರ ಅರ್ಧ ದಿನದ ಪಾಳಿ, ಇಷ್ಟನ್ನು ಕೇಳಿ. ಚರ್ಮ ಒಡೆದ ದಿನ ಮಾತ್ರ, ಎಷ್ಟೇ ಕೆಲಸವಿದ್ದರೂ, ಕೃತಕ ಕಾಲು ಹಾಕಬೇಡಿ.