ಕಡಿಮೆ ಸಕ್ಕರೆಯ ಮೇವಿಗೆ ಮೂತಿ ತಿರುಗಿಸುವ ಕುದುರೆ: ಗೊರಸಿಗೆ ಬೇಕಾದ ಖನಿಜ ಹೊಟ್ಟೆಗಿಳಿಸುವುದು ಹೇಗೆ?

ಲಾಯದಬಾಗಿಲು:

14 ವರ್ಷದ ಕುದುರೆ, ತೂಕ ಸುಮಾರು 450 ಕೆಜಿ. ರಕ್ತದಲ್ಲಿ ಇನ್ಸುಲಿನ್ ಹೆಚ್ಚು. ಒಮ್ಮೆ ಲ್ಯಾಮಿನೈಟಿಸ್ (ಗೊರಸಿನೊಳಗಿನ ಪದರಗಳ ಉರಿಯೂತ) ಆಗಿ ಇಳಿದಿದೆ, ಆದರೆ ಮುಂಗಾಲಿನ ಗೊರಸುಗಳಲ್ಲಿ ಬಿಳಿಗೆರೆ (ಅಡಿಯಲ್ಲಿ ಗೊರಸಿನ ಗೋಡೆ ಮತ್ತು ಅಂಗಾಲು ಸೇರುವ ಗೆರೆ) ಇನ್ನೂ ಅಗಲವಾಗಿದೆ. ಸಕ್ಕರೆ-ಪಿಷ್ಟ ಇನ್ಸುಲಿನ್ ಏರಿಸುತ್ತವೆಂದು ಓಟ್ಸ್, ಕಾಕಂಬಿ ಸವರಿದ ಮಿಶ್ರಣ ಎರಡನ್ನೂ ನಿಲ್ಲಿಸಿ, ನೆನೆಸಿದ ಬೀಟ್ ತಿರುಳಿಗೆ (ಸಕ್ಕರೆ ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ನಾರು) ಅಗಸೆ, ಉಪ್ಪು, ತಾಮ್ರ-ಸತುವಿನ ಪುಡಿ ಸೇರಿಸಿ ಕೊಡಲಾಗುತ್ತಿದೆ. ಮೊದಲ ದಿನ ಅರ್ಧ ತಿಂದಿತು, ಎರಡನೇ ದಿನ ಮೂಸಿ ಬಿಟ್ಟಿತು, ಈಗ ಬಕೆಟ್ ಕಂಡರೇ ಮುಖ ತಿರುಗಿಸುತ್ತದೆ. ನೆನೆಸಿದ ಒಣಹುಲ್ಲನ್ನೂ ಅರ್ಧಕ್ಕೆ ಬಿಡುತ್ತಿದೆ. ಅದೇ ಹುಲ್ಲನ್ನು ಒಣಗಿದ್ದಂತೆಯೇ ಹಾಕಿದರೆ ಒಂದು ಕಡ್ಡಿ ಉಳಿಯುವುದಿಲ್ಲ.

ಹಸಿವಾದರೆ ತಾನೇ ತಿನ್ನುತ್ತದೆ ಎಂದು ಸುಮ್ಮನಿರಬಹುದೇ? ಬಕೆಟ್‌ಗೆ ರುಚಿ ಹತ್ತಿಸಲು ಏನು ಹಾಕಿದರೆ ಅಪಾಯವಿಲ್ಲ?

ನಾಡಿಬೆರಳು:

ಮೊದಲ ಪ್ರಶ್ನೆಗೆ ಉತ್ತರ: ಬೇಡ. ನಾಯಿಯನ್ನು ಒಂದು ಹೊತ್ತು ಉಪವಾಸ ಕೆಡವಿದ ಹಾಗಲ್ಲ ಇದು. ಇನ್ಸುಲಿನ್ ತೊಂದರೆ ಇರುವ, ಮೈತುಂಬಿದ ಕುದುರೆ ಮೇವು ಬಿಟ್ಟರೆ ದೇಹದ ಕೊಬ್ಬು ಒಮ್ಮೆಲೇ ಕರಗಿ ರಕ್ತಕ್ಕೆ ನುಗ್ಗುತ್ತದೆ. ಇದೇ ಹೈಪರ್‌ಲಿಪೀಮಿಯಾ. ಯಕೃತ್ತು ಕೆಟ್ಟು ಪ್ರಾಣಕ್ಕೇ ಕುತ್ತು. ಪೋನಿ ಮತ್ತು ಕತ್ತೆಗಳಲ್ಲಿ ಇದು ಇನ್ನೂ ಸುಲಭವಾಗಿ ಬರುತ್ತದೆ. ಬಕೆಟ್ ಬಿಟ್ಟರೆ ಚಿಂತೆಯಿಲ್ಲ, ಒಣಹುಲ್ಲು ಬಿಡಬಾರದು. ಒಣಹುಲ್ಲನ್ನೂ ಮುಟ್ಟದಿದ್ದರೆ ನಾಳೆಯವರೆಗೆ ಕಾಯದೆ ಪಶುವೈದ್ಯರನ್ನು ಕರೆಸಿ.

ಎರಡನೆಯದು, ಇದು ಹಟವೋ ನೋವೋ ಎಂದು ತಿಳಿಯಬೇಕು. ಅರೆಬರೆ ಅಗಿದ ಹುಲ್ಲು ಉಂಡೆಯಾಗಿ ನೆಲಕ್ಕೆ ಬೀಳುತ್ತಿದ್ದರೆ ಹಲ್ಲು ನೋಡಿಸಿ. ಒಣಹುಲ್ಲು ತಿಂದು, ಹಿಂಡಿ-ಕಾಳಿನಂಥ ಮೇವನ್ನಷ್ಟೇ ಬಿಡುವುದು ಹೊಟ್ಟೆಹುಣ್ಣಿನ ಲಕ್ಷಣವೂ ಆಗಬಹುದು. ಪರ್ಗೊಲೈಡ್ (ವಯಸ್ಸಾದ ಕುದುರೆಗಳ ಪಿಟ್ಯುಟರಿ ಗ್ರಂಥಿಯ ಕಾಯಿಲೆಗೆ ಕೊಡುವ ಮದ್ದು) ಶುರು ಮಾಡಿದ್ದೀರಾ? ಆ ಔಷಧಿಯೇ ಆರಂಭದಲ್ಲಿ ಹಸಿವು ಕಟ್ಟಬಹುದು. ಡೋಸ್ ತಗ್ಗಿಸಿ ನಿಧಾನ ಏರಿಸುವುದು ರೂಢಿ, ಆದರೆ ಅದನ್ನು ವೈದ್ಯರೇ ನಿರ್ಧರಿಸಬೇಕು. ಗೊರಸು ಬಿಸಿಯಾಗಿ, ಗೆಣ್ಣಿನ ಹಿಂದೆ ನಾಡಿ ಬಲವಾಗಿ ಬಡಿಯುತ್ತಿದ್ದರೆ ರುಚಿಯ ಮಾತನ್ನೆಲ್ಲ ಬದಿಗಿಡಿ. ಅದು ಲ್ಯಾಮಿನೈಟಿಸ್ ಮರಳಿದ ಗುರುತು.

ಗೊರಸುಗಣಿತ:

ನೋವಿಲ್ಲ ಎಂದಾದರೆ, ತಪ್ಪು ನಡೆದಿರುವುದು ವೇಗದಲ್ಲಿ. ನಾಲ್ಕು ಹೊಸ ಪದಾರ್ಥಗಳನ್ನು ಒಂದೇ ದಿನ, ಪೂರ್ತಿ ಪ್ರಮಾಣದಲ್ಲಿ ಹಾಕಿದ್ದೀರಿ. ಕುದುರೆ ತಿರಸ್ಕರಿಸಿದ್ದು ಬಹುಶಃ ಬೀಟ್ ತಿರುಳನ್ನಲ್ಲ, ಅದರೊಳಗಿನ ಲೋಹದ ಕಹಿಯನ್ನು. ತಾಮ್ರದ ಸಲ್ಫೇಟ್, ಸತುವಿನ ಸಲ್ಫೇಟ್ ನಾಲಿಗೆಗೆ ಚುರುಕು. ಅಮೈನೊ ಆಮ್ಲಕ್ಕೆ ಬೆಸೆದ ರೂಪಗಳು ಸಾಮಾನ್ಯವಾಗಿ ಅಷ್ಟು ಕಾಡುವುದಿಲ್ಲ, ಬೆಲೆ ಮಾತ್ರ ಹೆಚ್ಚು. ಪುಡಿಯಲ್ಲಿ ಮೆಗ್ನೀಸಿಯಂ ಸಲ್ಫೇಟ್ ಇದ್ದರೆ ಅದೂ ಕಹಿಯೇ.

ಈಗಿನ ಬಕೆಟ್ ಅನ್ನು ಪೂರ್ತಿ ನಿಲ್ಲಿಸಿ. ಪಾತ್ರೆಯನ್ನು ಉಜ್ಜಿ ತೊಳೆಯಿರಿ, ಆದರೆ ಬೇರೆಯದನ್ನೇ ಬಳಸಿ, ಬೇರೆ ಜಾಗದಲ್ಲಿಡಿ. ಕುದುರೆಗೆ ವಾಸನೆಯ ನೆನಪು ಗಟ್ಟಿ.

ಮೊದಲು ತಳಪಾಯ. ಕಾಕಂಬಿ ಸೇರಿಸದ ಬೀಟ್ ತಿರುಳು, ಒಣತೂಕದಲ್ಲಿ 100 ಗ್ರಾಂ ಸಾಕು, ಒಗ್ಗಿದ ಮೇಲೆ 200-250. ತಣ್ಣೀರಲ್ಲಿ ಜಾಲಿಸಿ, ಬಗ್ಗಡ ಹೋಗಿ ನೀರು ತಿಳಿಯಾಗುವವರೆಗೆ ಚೆಲ್ಲಿ. ನಾಲ್ಕು ಪಟ್ಟು ಬಿಸಿನೀರಲ್ಲಿ 1-2 ಗಂಟೆ ನೆನೆಸಿ, ಮತ್ತೊಮ್ಮೆ ಜಾಲಿಸಿ ಹಿಂಡಿ. ಉಳಿದ ಸಕ್ಕರೆ ಹೋಗುತ್ತದೆ, ಮೇಲೆ ಅಂಟಿದ ಮಣ್ಣಿನ ಕಬ್ಬಿಣವೂ ಹೋಗುತ್ತದೆ. ಸೆಕೆಯಲ್ಲಿ ನೆನೆಸಿದ್ದನ್ನು ಅರ್ಧ ದಿನಕ್ಕಿಂತ ಹೆಚ್ಚು ಇಡಬೇಡಿ. ನಮ್ಮ ಮೂಗಿಗೆ ತಿಳಿಯದ ಹುಳಿ ಕುದುರೆಯ ಮೂಗಿಗೆ ತಿಳಿಯುತ್ತದೆ.

ಮೂರು ದಿನ ಬರಿ ತಿರುಳು. ಬಕೆಟ್ ನೆಕ್ಕಿ ಖಾಲಿ ಮಾಡಿದರೆ ಆಗಷ್ಟೇ ಪುಡಿ ಮಾಡಿದ ಅಗಸೆ ಒಂದು ಚಮಚ ಸೇರಿಸಿ, ವಾರದಲ್ಲಿ 60-100 ಗ್ರಾಂಗೆ ಏರಿಸಿ. ಅಗಸೆ ಹೆಚ್ಚಿನ ಕುದುರೆಗಳಿಗೆ ಇಷ್ಟ, ಒಣಹುಲ್ಲಲ್ಲಿ ಕಳೆದುಹೋಗುವ ಒಮೆಗಾ-3ನ್ನೂ ತುಂಬುತ್ತದೆ. ವಿಟಮಿನ್ ಇ ಅನ್ನೂ ಈ ಹಂತದಲ್ಲೇ ಸೇರಿಸಿ. ಹಸಿರು ಮೇಯದ ಕುದುರೆಗೆ ದಿನಕ್ಕೆ 1000 ಐಯು ಆಸುಪಾಸು ಕೊಡುವುದು ವಾಡಿಕೆ.

ಖನಿಜ ಕೊನೆಗೆ. ಪೂರ್ತಿ ಡೋಸ್‌ನ ಎಂಟನೇ ಒಂದು ಭಾಗ ಮೂರು ದಿನ, ನಂತರ ಕಾಲು, ಅರ್ಧ, ಮುಕ್ಕಾಲು, ಪೂರ್ತಿ, ಪ್ರತಿ ಮೆಟ್ಟಿಲಿಗೂ ಮೂರು ನಾಲ್ಕು ದಿನ. ಎಲ್ಲಿ ಮೂಸಿ ನಿಂತಿತೋ ಅಲ್ಲಿಂದ ಒಂದು ಮೆಟ್ಟಿಲು ಇಳಿದು ಒಂದು ವಾರ ಅಲ್ಲೇ ಇರಿ. ಎರಡು ಹೊತ್ತಿಗೆ ಹಂಚಿದರೆ ಪ್ರತಿ ಬಾರಿಯ ಕಹಿಯೂ ಅರ್ಧ. ತಿರುಳು ಉದುರುದುರಾಗಿ ತೇವವಿದ್ದರೆ ಪುಡಿ ಅದಕ್ಕೆ ಹಿಡಿದುಕೊಳ್ಳುತ್ತದೆ. ಗಂಜಿಯಂತೆ ನೀರಾದರೆ ಲವಣ ಕರಗಿ ಇಡೀ ಬಕೆಟ್ ಕಹಿಯಾಗುತ್ತದೆ. ಈ ಸಣ್ಣ ವ್ಯತ್ಯಾಸ ಕಡೆಗಣಿಸಿದವರೇ ಹೆಚ್ಚು.

ಲೆಕ್ಕಕ್ಕೆ: ಹಗುರ ಕೆಲಸದ 500 ಕೆಜಿ ಕುದುರೆಯ ದಿನದ ಕನಿಷ್ಠ ಅಗತ್ಯ ತಾಮ್ರ 100 ಮಿಗ್ರಾಂ, ಸತು 400 ಮಿಗ್ರಾಂ ಆಸುಪಾಸು. ಹುಲ್ಲಿನಲ್ಲಿ ಕಬ್ಬಿಣ ಸಾಮಾನ್ಯವಾಗಿ ಬೇಕಾದಷ್ಟಿರುತ್ತದೆ, ಮೇಲಿಂದ ಕೊಡುವ ಅಗತ್ಯವಿಲ್ಲ. ಹಾಗಾಗಿ ಕಬ್ಬಿಣ ಬೆರೆತ ಕೆಂಪು ಬಣ್ಣದ ನೆಕ್ಕುಗಟ್ಟಿ (ಕುದುರೆ ನೆಕ್ಕಲೆಂದು ಇಡುವ ಉಪ್ಪು-ಖನಿಜದ ಗಟ್ಟಿ) ಬೇಡ, ಕೆಲವಕ್ಕೆ ಕಾಕಂಬಿಯೂ ಬೆರೆತಿರುತ್ತದೆ. ಎರಡು ಬೇರೆ ಬೇರೆ ಖನಿಜ ಪುಡಿಗಳನ್ನು ಒಟ್ಟಿಗೆ ಕೊಡುವ ಮೊದಲು ಸೆಲೆನಿಯಂ ಅಂಶ ಕೂಡಿ ನೋಡಿ. ದಿನಕ್ಕೆ 1 ಮಿಗ್ರಾಂ ಸಾಕಾಗುವ ವಸ್ತು ಅದು. ಹೆಚ್ಚಾದರೆ ಗೊರಸೇ ಒಡೆದು ಕಳಚುತ್ತದೆ, ಯಾವುದಕ್ಕಾಗಿ ಇಷ್ಟೆಲ್ಲ ಮಾಡುತ್ತಿದ್ದೇವೋ ಅದೇ ಹಾಳು.

ಒಣಹುಲ್ಲುತೂಕ:

ಎಲ್ಲರೂ ಬಕೆಟ್ ಹಿಂದೆ ಬಿದ್ದಿದ್ದಾರೆ, ಸಕ್ಕರೆ ಇರುವುದು ಹುಲ್ಲಿನಲ್ಲಿ. 450 ಕೆಜಿ ಕುದುರೆಯ ತೂಕ ಇಳಿಸಲು ದೇಹತೂಕದ 1.5 ಶೇಕಡ, ಅಂದರೆ 6.75 ಕೆಜಿ ಘನಾಂಶ (ನೀರಿನಂಶ ಬಿಟ್ಟು ಉಳಿಯುವ ಮೇವು) ಬೇಕು. ತಕ್ಕಡಿಯಲ್ಲಿ ಸುಮಾರು 7.5 ಕೆಜಿ ಒಣಹುಲ್ಲು. ಸಕ್ಕರೆ-ಪಿಷ್ಟ ಸೇರಿ 9 ಶೇಕಡ ಇರುವ ಹುಲ್ಲಾದರೆ ದಿನಕ್ಕೆ 600 ಗ್ರಾಂ ಚಿಲ್ಲರೆ ಒಳಹೋಗುತ್ತದೆ. 15 ಶೇಕಡ ಇದ್ದರೆ ಒಂದು ಕೆಜಿ ದಾಟುತ್ತದೆ. ಇನ್ನೂರು ಗ್ರಾಂ ಬೀಟ್ ತಿರುಳು ಇದರ ಮುಂದೆ ಏನೂ ಅಲ್ಲ.

ಬಣ್ಣ ನೋಡಿ, ಮೂಸಿ ಸಕ್ಕರೆ ಹೇಳಲಾಗದು. ಹತ್ತಿಪ್ಪತ್ತು ಕಟ್ಟುಗಳ ನಡುಭಾಗದಿಂದ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿ. ಘನಾಂಶದ ಲೆಕ್ಕದಲ್ಲಿ ಸಕ್ಕರೆ ಮತ್ತು ಪಿಷ್ಟ ಕೂಡಿ 10 ಶೇಕಡದೊಳಗಿದ್ದರೆ ನೆನೆಸುವ ಜಂಜಾಟವೇ ಬೇಡ, ಒಣಗಿದ್ದನ್ನೇ ಹಾಕಿ. ನಿಮ್ಮ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಬಹುದು.

ನೆನೆಸಲೇಬೇಕಾದರೆ: ಪೂರ್ತಿ ಮುಳುಗುವಷ್ಟು ತಣ್ಣೀರು, 30ರಿಂದ 60 ನಿಮಿಷ. ರಾತ್ರಿಯಿಡೀ ಬಿಟ್ಟರೆ ಹುಲ್ಲು ಹುದುಗಿ ವಾಸನೆ ಬರುತ್ತದೆ. ಕುದುರೆ ಅರ್ಧ ಬಿಡಲು ಇದೇ ಕಾರಣವಿರಬಹುದು. ಎತ್ತಿ ಸೋರಹಾಕಿ, ಮೇಲೊಂದು ಸಲ ಶುದ್ಧ ನೀರು ಹೊಯ್ಯಿರಿ. ಆ ಕಂದು ನೀರನ್ನು ಕುದುರೆ ಕುಡಿಯದಂತೆ ಚೆಲ್ಲಿ, ಸಕ್ಕರೆ ಇರುವುದು ಅದರಲ್ಲೇ. ಎಷ್ಟು ಸಕ್ಕರೆ ಇಳಿಯುತ್ತದೆ ಎಂಬುದು ಹುಲ್ಲಿನಿಂದ ಹುಲ್ಲಿಗೆ ಬಹಳ ಬದಲಾಗುತ್ತದೆ, ಪಿಷ್ಟವಂತೂ ಅಷ್ಟಾಗಿ ಇಳಿಯುವುದಿಲ್ಲ. ಆದ್ದರಿಂದ ತುಂಬ ಸಿಹಿಯಾದ ಹುಲ್ಲನ್ನು ನೆನೆಸಿ ಸುರಕ್ಷಿತ ಮಾಡಿದೆ ಎಂದುಕೊಳ್ಳಬಾರದು. ಹಬೆಯಾಡಿಸುವುದು ಧೂಳಿಗೆ ಮದ್ದು, ಸಕ್ಕರೆಗಲ್ಲ. ನೆನೆದಾಗ ಘನಾಂಶವೂ ಸ್ವಲ್ಪ ಹೋಗುವುದರಿಂದ ಒಣಗಿದ್ದಾಗಲೇ 8-8.5 ಕೆಜಿ ತೂಗಿಕೊಳ್ಳಿ.

ಒಗ್ಗಿಸಲು ಮೂರು ಪಾಲು ಒಣಗಿದ್ದು, ಒಂದು ಪಾಲು ನೆನೆಸಿದ್ದು ಎಂದು ಶುರುಮಾಡಿ ಹತ್ತು ದಿನದಲ್ಲಿ ತಿರುಗಿಸಿ. 3-4 ಸೆಂಮೀ ಕಣ್ಣಿನ ಬಲೆಯಲ್ಲಿ ಹಾಕಿದರೆ ಆರಿಸಿ ಬಿಡುವ ಆಟ ಕಡಿಮೆ, ಖಾಲಿ ಹೊಟ್ಟೆಯ ಹೊತ್ತೂ ಕಡಿಮೆ.

ತೂಕ ಅಂದಾಜಿನದ್ದಾದರೆ ಅಳೆಯಿರಿ: ಎದೆಸುತ್ತು ಗುಣಿಸು ಎದೆಸುತ್ತು ಗುಣಿಸು ಉದ್ದ, ಎಲ್ಲ ಸೆಂಮೀಯಲ್ಲಿ, ಭಾಗಿಸು 11,880. ಉದ್ದ ಎಂದರೆ ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿ. 185 ಸುತ್ತು, 165 ಉದ್ದದ ಕುದುರೆ ಸುಮಾರು 475 ಕೆಜಿ.

ಲಾಯದಬಾಗಿಲು:

ಹಲ್ಲು ನೋಡಿಸಿದೆ, ಸರಿಯಿದೆ. ಪರ್ಗೊಲೈಡ್ ಇಲ್ಲ, ನಾಡಿಯೂ ಸಹಜ. ಹುಲ್ಲಿನ ಮಾದರಿ ಕಳಿಸುತ್ತೇನೆ. ಬೀಟ್ ತಿರುಳು ಬರಿದಾಗಿ ಕೊಟ್ಟರೂ ಉತ್ಸಾಹವಿಲ್ಲ. ಕ್ಯಾರೆಟ್, ಗೋಧಿ ತೌಡು ಸೇರಿಸಬಹುದೇ?

ಮೆಂತ್ಯಕಾಳು:

ತೌಡು ಬೇಡ, ಪಿಷ್ಟ ಹೆಚ್ಚು, ರಂಜಕವೂ ಹೆಚ್ಚು. ತಳಪಾಯಕ್ಕೆ ಬೀಟ್ ತಿರುಳೇ ಆಗಬೇಕೆಂಬ ಕಟ್ಟಳೆಯಿಲ್ಲ. ಸೋಯಾ ಹೊಟ್ಟಿನ ಗುಳಿಗೆ, ಸಕ್ಕರೆ ಪರೀಕ್ಷಿಸಿದ ಒಣಹುಲ್ಲಿನ ಗುಳಿಗೆ ಕೂಡ ನೆನೆಸಿ ಕೊಡಬಹುದು. ಹುಲ್ಲಿನ ಗುಳಿಗೆಯ ವಾಸನೆ ಪರಿಚಿತ, ಹಾಗಾಗಿ ಶುರುವಿಗೆ ಸುಲಭ. ಯಾವುದೇ ಗುಳಿಗೆ ಒಣಗಿದ್ದನ್ನು ಗಬಗಬನೆ ತಿಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ನೆನೆಸದೆ ಹಾಕಬೇಡಿ. ಕುದುರೆಮಸಾಲೆ (ಲೂಸರ್ನ್) ಸೊಪ್ಪಿನ ಗುಳಿಗೆ ಒಂದು ಹಿಡಿ ಬೆರೆಸಿದರೆ ಸಾಕು, ಬಹುತೇಕ ಕುದುರೆಗಳು ಬಕೆಟ್‌ಗೆ ಬರುತ್ತವೆ. ಸಕ್ಕರೆ ಕಡಿಮೆಯೇ, ಆದರೂ ಕೆಲವು ಕುದುರೆಗಳು ಅದರಿಂದ ಕಾಲುನೋವು ತೋರಿಸುತ್ತವೆ. ಕೊಟ್ಟ ಒಂದೆರಡು ವಾರ ನಡಿಗೆ ಗಮನಿಸಿ.

ವಾಸನೆಗೆ ಮೆಂತ್ಯ. ಕುದುರೆಗಳ ರುಚಿಯ ಒಲವನ್ನು ಅಳೆದ ಪ್ರಯೋಗವೊಂದರಲ್ಲಿ ಮೆಂತ್ಯ ಮೊದಲು, ಬಾಳೆಹಣ್ಣಿನ ವಾಸನೆ ಎರಡನೆಯದು. ಜೀರಿಗೆ, ಪುದೀನ ಜಾತಿಯ ಪೆಪ್ಪರ್‌ಮಿಂಟ್, ಓರೆಗಾನೊ ಕೂಡ ಮುಂದಿನ ಸಾಲಲ್ಲಿದ್ದವು. ಒಂದು ಚಮಚ ಮೆಂತ್ಯಪುಡಿ ಬರಿ ತಳಪಾಯಕ್ಕೆ ಹಾಕಿ ಒಂದು ವಾರ ಒಗ್ಗಿಸಿ, ಆಮೇಲೆ ಖನಿಜ. ಕಹಿಪುಡಿಯ ಜೊತೆಗೇ ಮೊದಲ ಬಾರಿ ಹಾಕಿದರೆ ಮೆಂತ್ಯವನ್ನೂ ಕುದುರೆ ಕಹಿಯ ಖಾತೆಗೆ ಬರೆದುಕೊಳ್ಳುತ್ತದೆ.

ಉಪ್ಪಿನ ಬಗ್ಗೆ: ದಿನಕ್ಕೆ 25-30 ಗ್ರಾಂ ಬಿಳಿಯುಪ್ಪು ಬೇಕು ನಿಜ, ಬಕೆಟ್‌ನಲ್ಲೇ ಇರಬೇಕೆಂದಿಲ್ಲ. ಬೇರೆ ಬಟ್ಟಲಲ್ಲಿಟ್ಟು ಎಷ್ಟು ಇಳಿಯಿತೆಂದು ನೋಡಿ. ಸೇರಿಸುವುದಾದರೆ ಅರ್ಧ ಚಮಚದಿಂದ.

ಕ್ಯಾರೆಟ್ ಬಗ್ಗೆ ಇಲ್ಲಿ ಜಗಳ ಶುರುವಾಗುತ್ತದೆ, ಗೊತ್ತು. ನೂರು ಗ್ರಾಂನಲ್ಲಿ ಸಕ್ಕರೆ 5 ಗ್ರಾಂ ಆಸುಪಾಸು. ರೋಗ ಹಿಡಿತದಲ್ಲಿದ್ದರೆ ತುರಿದ ಎರಡು ಚಮಚ ಯಾವ ಗೊರಸನ್ನೂ ಕೆಡಿಸದು.

ನಾಡಿಬೆರಳು:

ರೋಗ ಹಿಡಿತದಲ್ಲಿದೆಯೋ ಎಂದು ಇನ್ಸುಲಿನ್ ಪರೀಕ್ಷೆ ಮಾಡಿಸಿದವರಿಗೆ ಆ ಎರಡು ಚಮಚ. ಬಿಳಿಗೆರೆ ಅಗಲವಿರುವ ಈ ಕುದುರೆಗೆ ಮರುಪರೀಕ್ಷೆಯವರೆಗೆ ಬೇಡವೆನ್ನುತ್ತೇನೆ.

ಗೊರಸುಗಣಿತ:

ಆರು ವಾರ ಇಷ್ಟೆಲ್ಲ ಮಾಡಿದರೂ ಖನಿಜ ಇಳಿಯದಿದ್ದರೆ ಸಿರಿಂಜ್. ದಿನದ ಡೋಸ್‌ಗೆ ಎರಡು ಚಮಚ ಅಗಸೆ ಪುಡಿ, 40 ಮಿಲೀ ಉಗುರುಬೆಚ್ಚಗಿನ ನೀರು. ಹತ್ತು ನಿಮಿಷಕ್ಕೆ ಲೋಳೆಯಾಗುತ್ತದೆ. ತುದಿ ಕತ್ತರಿಸಿ ಅಂಚು ಉಜ್ಜಿದ 60 ಮಿಲೀ ಸಿರಿಂಜ್‌ಗೆ ತುಂಬಿ. ಹುಲ್ಲು ತಿಂದ ನಂತರವೇ ಕೊಡಬೇಕು, ಖಾಲಿ ಹೊಟ್ಟೆಗೆ ಲೋಹದ ಲವಣ ಉರಿ. ಆದರೆ ಬಾಯಲ್ಲಿ ತುತ್ತು ಉಳಿದಿರಬಾರದು, ಉಳಿದಿದ್ದರೆ ಅದರ ಜೊತೆಗೇ ಉಗುಳುತ್ತದೆ. ತುಟಿಯ ಮೂಲೆಯಿಂದ ನಾಲಿಗೆಯ ಹಿಂಭಾಗಕ್ಕೆ ಒತ್ತಿ. ಮರುದಿನ ಅದೇ ಸಿರಿಂಜ್‌ನಲ್ಲಿ ಬರಿ ಅಗಸೆ ಲೋಳೆ ಕೊಡಿ. ದಿನ ಬಿಟ್ಟು ದಿನ ಹೀಗೆ ಬದಲಿಸಿದರೆ ಸಿರಿಂಜ್ ಕಂಡು ತಲೆ ಎತ್ತುವ ಅಭ್ಯಾಸ ಹತ್ತುವುದಿಲ್ಲ. ಗೊರಸು ತಿಂಗಳಿಗೆ 6ರಿಂದ 10 ಮಿಮೀ ಬೆಳೆಯುತ್ತದೆ, ಹಾಗಾಗಿ ಮೊದಲ ಬದಲಾವಣೆ ಕಾಣುವುದು ಗೊರಸು ಶುರುವಾಗುವ ಕೂದಲಂಚಿನ ಕೆಳಗೆ, ಎರಡು ಮೂರು ತಿಂಗಳಿಗೆ, ನಯವಾಗಿ ಇಳಿಯುವ ಹೊಸ ಪಟ್ಟಿಯಾಗಿ. ಬಿಳಿಗೆರೆ ನೆಲದ ಹತ್ತಿರ ಬಿಗಿಯಾಗಲು ಒಂಬತ್ತರಿಂದ ಹನ್ನೆರಡು ತಿಂಗಳು.