ಒಂದೇ ಬೆರಳಿನ ಕಾರ್ಡ್ ಚಾರ್ಟ್: ಮನೆಯವರ ಗುಂಪಿನಲ್ಲಿ ವಾದ

ಶ್ರೀಧರ ಮಾವ: (ಚಿತ್ರ, ಫಾರ್ವರ್ಡ್ ಆಗಿದ್ದು)
ಎಡಗೈಲಿ ಕಾರ್ಡ್ (chord, ಒಟ್ಟಿಗೆ ನುಡಿಯೋ ಸ್ವರಗಳ ಗುಂಪು) ಹಿಡಿಯೋದು ಹೀಗೆ: ಒಂದು ಕೀ ಒತ್ತಿದರೆ ಮೇಜರ್ ಕಾರ್ಡ್. ಅದರ ಬಲಕ್ಕೆ ಇನ್ನೊಂದು ಸೇರಿಸಿದರೆ ಮೈನರ್. ಬಲಕ್ಕೆ ಎರಡು ಸೇರಿಸಿದರೆ ಸೆವೆಂತ್. ಮೂರು ಸೇರಿಸಿದರೆ ಮೈನರ್ ಸೆವೆಂತ್.
ಕೀಬೋರ್ಡ್ ಇರೋ ಮನೆಯವರೆಲ್ಲ ಸೇವ್ ಮಾಡ್ಕೊಳ್ಳಿ. ಇಷ್ಟೇ ವಿದ್ಯೆ, ಉಳಿದಿದ್ದು ಮಿಷನ್ನೇ ನುಡಿಸತ್ತೆ.

ಪ್ರಸನ್ನ: ಮಾವ, ನಮ್ಮದು ಯಮಾಹಾ ಪಿಎಸ್‌ಆರ್ ಇ373. ಎ ಮೈನರ್‌ಗೆ ಅಂತ ಎ ಜೊತೆ ಪಕ್ಕದ ಬಿ ಒತ್ತಿದ್ರೆ ಡಿಸ್‌ಪ್ಲೇಲಿ ಬಿ ಸೆವೆಂತ್ ತೋರಿಸ್ತಿದೆ.

ವಿದ್ಯಾ ಅಕ್ಕ: ಅದು ಸರಿಯಾಗೇ ತೋರಿಸ್ತಿದೆ. ಮಾವ ಹಾಕಿರೋದು ಕ್ಯಾಸಿಯೋ ಚಾರ್ಟ್. ಯಮಾಹಾದಲ್ಲಿ ಲೆಕ್ಕ ಎಡಕ್ಕೆ. ಮೈನರ್ ಬೇಕಂದ್ರೆ ಮೂಲ ಕೀ ಜೊತೆ ಎಡಗಡೆ ಹತ್ತಿರದ ಕರಿ ಕೀ, ಸೆವೆಂತ್ ಬೇಕಂದ್ರೆ ಎಡಗಡೆ ಹತ್ತಿರದ ಬಿಳಿ ಕೀ, ಮೈನರ್ ಸೆವೆಂತ್‌ಗೆ ಎರಡೂ. ನೀನು ಎ, ಬಿ ಎರಡೂ ಒತ್ತಿದಾಗ ಅದು ಬಿಯನ್ನ ಮೂಲ ಅಂದ್ಕೊಳ್ತು, ಎ ಅದರ ಎಡಗಡೆ ಬಿಳಿ ಕೀ ಆಯ್ತು. ಎ ಮೈನರ್‌ಗೆ ಎ ಜೊತೆ ಜಿ ಶಾರ್ಪ್ ಒತ್ತು.

ವಿದ್ಯಾ ಅಕ್ಕ: ಅದನ್ನೇ ಕ್ಯಾಸಿಯೋದಲ್ಲಿ ಒತ್ತಿದ್ರೆ ಜಿ ಶಾರ್ಪ್ ಮೈನರ್ ಬರತ್ತೆ, ಅಲ್ಲಿ ಕೆಳಗಿನ ಕೀನೇ ಮೂಲ. ಇನ್ನೊಂದು, ಇ373ಯಲ್ಲಿ ಫಿಂಗರಿಂಗ್ ಸೆಟ್ಟಿಂಗ್ 'ಸ್ಮಾರ್ಟ್ ಕಾರ್ಡ್'ಗೆ ಹೋಗಿದ್ರೆ ಈ ಯಾವ ನಿಯಮವೂ ನಡೆಯಲ್ಲ. ಸಿ ಶ್ರುತಿಯಲ್ಲಿ ಡಿ ಒಂದೇ ಒತ್ತಿದ್ರೂ ಡಿ ಮೈನರ್ ಬರತ್ತೆ. 'ಮಲ್ಟಿ ಫಿಂಗರ್' ಇದೆಯಾ ನೋಡ್ಕೋ.

ಶ್ರೀಧರ ಮಾವ: ಸರಿ, ಎಡವೋ ಬಲವೋ. ಒಂದು ಬೆರಳಲ್ಲಿ ಕೆಲಸ ಆಗತ್ತೆ ಅನ್ನೋದಂತೂ ನಿಜ ತಾನೆ?

ವಿದ್ಯಾ ಅಕ್ಕ: ಮೇಜರ್‌ಗೆ ಆಗತ್ತೆ ಮಾವ. ಆದ್ರೆ ಕಂಪನಿಗೊಂದು ನಿಯಮ ಕಲಿಯೋ ಬದಲು ಮೂರು ಸ್ವರ ಒತ್ತೋದು ಕಲಿತ್ರೆ ಎಲ್ಲಾ ಕೀಬೋರ್ಡಲ್ಲೂ ನಡೆಯತ್ತೆ. ಮಲ್ಟಿ ಫಿಂಗರಲ್ಲೂ ನಡೆಯತ್ತೆ.

ಪ್ರಸನ್ನ: ಅಕ್ಕ, ಸಿ-ಇ-ಜಿ ಮೂರೂ ಒತ್ತಿದ್ರೆ ಜಿ ಮಾತ್ರ ಕೊಳಲಿನ ಸದ್ದಲ್ಲಿ ಕೂಗತ್ತೆ. ಕಾರ್ಡ್ ಸರಿಯಾಗಿ ಬರಲ್ಲ.

ವಿದ್ಯಾ ಅಕ್ಕ: ಸ್ಪ್ಲಿಟ್ ಪಾಯಿಂಟ್, ಅಂದ್ರೆ ಎಡಗೈ ಬಲಗೈ ಪಾಲು ಮಾಡೋ ಗೆರೆ, ದಾಟಿದ್ದೀಯ. ಕಂಪನಿ ಇಟ್ಟಿರೋ ಗೆರೆ ಎಫ್ ಶಾರ್ಪ್ 2, ಅಂದ್ರೆ ಎಡಗಡೆಯಿಂದ 19ನೇ ಕೀ. ಅದೂ ಸೇರಿ ಎಡಕ್ಕಿರೋದೆಲ್ಲ ಕಾರ್ಡ್‌ಗೆ. ನೀನು ಎರಡನೇ ಸಿಯಿಂದ ಹಿಡಿದ್ರೆ ಜಿ 20ನೇ ಕೀ, ಬಲಗೈ ಪಾಲಾಯ್ತು. ಕಾರ್ಡನ್ನ ತಿರುಗಿಸಿ ಹಿಡಿ:
ಸಿ = ಜಿ ಸಿ ಇ
ಎ ಮೈನರ್ = ಎ ಸಿ ಇ
ಎಫ್ = ಎ ಸಿ ಎಫ್
ಜಿ = ಜಿ ಬಿ ಡಿ
ನಾಲ್ಕೂ 8ನೇ ಕೀಯಿಂದ 18ನೇ ಕೀ ಒಳಗೇ ಸಿಗತ್ತೆ. ಸಿಯಿಂದ ಎ ಮೈನರ್‌ಗೆ ಒಂದೇ ಬೆರಳು ಸರಿಯೋದು. ಕ್ರಮ ಹಿಂದೆ ಮುಂದೆ ಆದ್ರೂ ಮಿಷನ್ ಗುರುತಿಸತ್ತೆ.

ವಿದ್ಯಾ ಅಕ್ಕ: ಮೂರೂ ಬೆರಳು ಒಟ್ಟಿಗೆ ಬೀಳಬೇಕು ಅನ್ನೋದು ಮುಖ್ಯ. ಮಲ್ಟಿ ಫಿಂಗರಲ್ಲಿ ಇ ಮೊದಲು ಬಿದ್ರೆ ಒಂದು ಕ್ಷಣ ಇ ಮೇಜರ್ ಬಂದು ಹೋಗತ್ತೆ, ಮಿಷನ್ ನುಡಿಸೋ ಬೇಸ್ (ತಗ್ಗಿನ ಸ್ವರ) ಎಡವಿದ ಹಾಗೆ ಕೇಳತ್ತೆ. ಕಾರ್ಡನ್ನ ಅದುಮಿ ಹಿಡಿದಿರಬೇಕಾಗಿಲ್ಲ. ಸಿಂಕ್ ಸ್ಟಾಪ್ (ಕೈ ಎತ್ತಿದ ಕೂಡ್ಲೇ ನಿಲ್ಲಿಸೋ ಸೆಟ್ಟಿಂಗ್) ಆಫ್ ಇದ್ರೆ ಕೈ ಎತ್ತಿದ್ರೂ ಅದೇ ಕಾರ್ಡ್ ಓಡ್ತಿರತ್ತೆ. ಆ ಹೊತ್ತಲ್ಲಿ ಮುಂದಿನದಕ್ಕೆ ಬೆರಳು ಜೋಡಿಸ್ಕೊಂಡು ತಾಳದ ಪೆಟ್ಟಿಗೆ ಕೂದಲೆಳೆ ಮುಂಚೆ ಒತ್ತು. ತಡ ಆದ್ರೆ ಮೊದಲ ಪೆಟ್ಟಿಗೆ ಹಳೇ ಕಾರ್ಡೇ ಬೀಳತ್ತೆ.

ಧಾರವಾಡ ಭಾವ: ಎಲ್ಲಾ ಖರೇ. ಆದ್ರ ನುಡಿಸೋದು ಏನು ಅಂತ ಯಾರೂ ಕೇಳವಲ್ರಿ. ಭೂಪದಾಗಿನ ಹಾಡಿಗೆ ಇದನ್ನ ಹಚ್ಚಿದ್ರ ಏನಾಗ್ತದ ನೋಡ್ರಿ. ಸಿ ಷಡ್ಜ ಹಿಡಿದ್ರ ರಾಗದಾಗ ಇರೋದು ಸಿ ಡಿ ಇ ಜಿ ಎ. ಎಫ್ ಕಾರ್ಡ್ ಒತ್ತಿದ್ರ ಮಧ್ಯಮ ಬಂತು, ಜಿ ಒತ್ತಿದ್ರ ನಿಷಾದ ಬಂತು. ಎರಡೂ ರಾಗದಾಗ ಇಲ್ಲ. ಪೂರಾ ರಾಗದೊಳಗ ಉಳಿಯೋ ಮೇಜರ್-ಮೈನರ್ ಎರಡ: ಸಿ ಮತ್ತ ಎ ಮೈನರ್.

ಶ್ರೀಧರ ಮಾವ: ನೀವು ಬಿಡಿ, ತಂಬೂರಿ ಬಿಟ್ಟು ಇನ್ನೇನನ್ನೂ ಒಪ್ಪೋರಲ್ಲ. ಭಾವಗೀತೆಗೆ ಎಫ್ ಹಾಕಿದ್ರೆ ಯಾರು ಜೈಲಿಗೆ ಹಾಕ್ತಾರೆ?

ವಿದ್ಯಾ ಅಕ್ಕ: ಇಲ್ಲಿ ನಾನು ಮಾವನ ಕಡೆ. ಸುಗಮ ಸಂಗೀತದಲ್ಲಿ ಬೇಕಂತಲೇ ಹೊರಗಿನ ಕಾರ್ಡ್ ಹಾಕ್ತಾರೆ, ಅದೊಂದು ರುಚಿ. ಹಾಕೋನಿಗೆ ಅದು ಹೊರಗಿನದು ಅಂತ ಗೊತ್ತಿರಬೇಕು, ಅಷ್ಟೆ. ಹಂಸಧ್ವನಿ ಆದ್ರೆ ಭಾವನವರಿಗೂ ತಕರಾರಿಲ್ಲ: ಸಿ, ಇ ಮೈನರ್, ಜಿ ಮೂರೂ ರಾಗದೊಳಗೇ ಇವೆ.

ಧಾರವಾಡ ಭಾವ: ಹಂಸಧ್ವನಿ ಬಿಡ್ರಿ, ಮಾಲಕಂಸ ತಗೋರಿ, ನಿಮ್ಮ ಕಡೆ ಹಿಂದೋಳ. ಪಂಚಮ ವರ್ಜ್ಯ. ಸಿ ಮೈನರ್ ಅಂದ್ರ ಸಿ, ಇ ಫ್ಲ್ಯಾಟ್, ಜಿ. ಆ ಜಿ ಅನ್ನೋದ ಪಂಚಮ. ಷಡ್ಜದ ಕಾರ್ಡ್‌ನಾಗ ರಾಗ ಕೆಟ್ಟು ಹೋತು! ಒಂದ ಬೆರಳಿನ ಚಾರ್ಟ್ ಇದನ್ನ ಹೇಳ್ತದೇನು?

ವಿದ್ಯಾ ಅಕ್ಕ: ಅದಕ್ಕೆ ದಾರಿ ಇದೆ ಭಾವ. ಎಫ್ ಮೈನರನ್ನ ಸಿ ಕೆಳಗಿಟ್ಟು ಹಿಡೀಬೇಕು: ಸಿ, ಎಫ್, ಎ ಫ್ಲ್ಯಾಟ್, ತೀರಾ ಎಡಗಡೆಯ ಸಿಯಿಂದ. ಮೂರೂ ರಾಗದ ಸ್ವರಗಳೇ. ಆದ್ರೆ ಸಾಧಾರಣ ಮೋಡಲ್ಲಿ ಬೇಸ್ ಎಫ್‌ಗೆ ಹೋಗಿಬಿಡತ್ತೆ. ಷಡ್ಜದ ಮೇಲೆ ನಿಲ್ಲಬೇಕಂದ್ರೆ ಕ್ಯಾಸಿಯೋದಲ್ಲಿ 'ಫಿಂಗರ್ಡ್ 3', ಯಮಾಹಾ ದೊಡ್ಡ ಮಾಡೆಲಲ್ಲಿ 'ಫಿಂಗರ್ಡ್ ಆನ್ ಬೇಸ್' ಇಡಬೇಕು.

ಧಾರವಾಡ ಭಾವ: ಬರೋಬ್ಬರಿ. ಆದ್ರೂ ಓಡಾಡೋ ಬೇಸ್ ಇರೋ ಸ್ಟೈಲ್ (ಮಿಷನ್ ತಾನ ನುಡಿಸೋ ಪಕ್ಕವಾದ್ಯ) ಆರಿಸಬ್ಯಾಡ್ರಿ. ಕಾರ್ಡ್ ಸರಿ ಇದ್ರೂ ಬೇಸ್ ನಡುವ ಬ್ಯಾರೆ ಸ್ವರ ಮುಟ್ಟಿ ಹೋಗ್ತದ. ನನ್ನ ಕೇಳಿದ್ರ ಎಸಿಎಂಪಿ, ಅಂದ್ರ ಕಾರ್ಡ್ ಹಿಡಿದು ಪಕ್ಕವಾದ್ಯ ನುಡಿಸೋ ಬಟನ್, ಆಫ್ ಮಾಡ್ರಿ. ಸ್ಟೈಲ್ ಓಡ್ತದ, ಬರೇ ತಾಳವಾದ್ಯ ಉಳೀತಾವ. ಎಡಗೈಲೆ ಸಾ-ಪಾ, ಮಾಲಕಂಸಕ್ಕ ಸಾ-ಮಾ ಹಿಡೀರಿ.

ಪ್ರಸನ್ನ: ದಾದ್ರಾ ಹಾಡಿಗೆ ಯಾವ ಸ್ಟೈಲ್ ಭಾವ? ಇರೋದೆಲ್ಲ 4/4 ಥರ ಕಾಣತ್ತೆ.

ಧಾರವಾಡ ಭಾವ: ವಾಲ್ಟ್ಜ್ ಹುಡುಕು, 3/4 ಇರ್ತದ, ಅಂದ್ರ ಬಾರಿಗೆ 3 ಪೆಟ್ಟು. ಎರಡು ಬಾರ್ ಸೇರಿದ್ರ ಒಂದು ಆವರ್ತನ, 6 ಮಾತ್ರಿ. ಫಿಲ್-ಇನ್ (ನಡುವ ಬರೋ ತಾಳದ ಉರುಳಿಕೆ) ಬಾರ್ ಮುಗಿಯೋತನಾ ನಡೀತದ, ಅದಕ್ಕ ಎರಡನೇ ಬಾರಿನ ಶುರುವಿಗೆ ಒತ್ತು, ಸಮಕ್ಕ ಮೂಲ ರಿದಮ್ ಬಂದು ಕೂಡ್ತದ. ಮೊದಲನೇ ಬಾರಿನಾಗ ಒತ್ತಿದ್ರ ಉರುಳಿಕೆ ಆವರ್ತನದ ನಡುವ ಮುಗೀತದ. 7 ಮಾತ್ರಿ ರೂಪಕಕ್ಕ 4/4 ಸ್ಟೈಲ್ ಹಚ್ಚಾಕ ಹೋಗಬ್ಯಾಡ, ತಬಲಾ ಆ್ಯಪ್ ಹಾಕು.

ಪ್ರಸನ್ನ: ಹಾಡೋದು ಅಮ್ಮ. ಐದೂವರೆ ಮನೆ ಶ್ರುತಿ. ಎಲ್ಲಾ ಕಾರ್ಡೂ ಮತ್ತೆ ಕಲೀಬೇಕಾ?

ವಿದ್ಯಾ ಅಕ್ಕ: ಬೇಡ. ಸಿಯಲ್ಲೇ ನುಡಿಸು, ಟ್ರಾನ್ಸ್‌ಪೋಸ್ ಮೈನಸ್ 4 ಇಡು, ಇಡೀ ಕೀಬೋರ್ಡ್ ಶ್ರುತಿ ಇಳಿದು ಐದೂವರೆ ಮನೆ, ಅಂದ್ರೆ ಜಿ ಶಾರ್ಪ್ ಆಗತ್ತೆ. ಪ್ಲಸ್ 8 ಇಟ್ರೂ ಅದೇ ಶ್ರುತಿ, ಆದ್ರೆ ಬಲಗೈ ಕೀರಲಾಗಿ ಕೇಳತ್ತೆ. ಜೊತೆಗೆ ಹಾರ್ಮೋನಿಯಂ ಇದ್ರೆ ಅದರ ರೀಡ್ ಕೀಬೋರ್ಡಿನ ಹಾಗೆ 440 ಹರ್ಟ್ಸ್ ಅಳತೆಗೇ ಇರತ್ತೆ ಅಂತ ನಂಬಬೇಡ. ಷಡ್ಜ ಕೂಡಿಸಿ ನೋಡು, ಅಲೆಅಲೆಯಾಗಿ ಕೇಳಿದ್ರೆ ಟ್ಯೂನಿಂಗ್ ಸರಿಸು, ನಿನ್ನದ್ರಲ್ಲಿ 427ರಿಂದ 453 ಹರ್ಟ್ಸ್‌ವರೆಗೆ ಸರಿಯತ್ತೆ. ಸ್ಟೈಲ್ ವಾಲ್ಯೂಮೂ ಇಳಿಸು, 100ರಲ್ಲೇ ಬಿಟ್ರೆ ಅತ್ತೆ ದನಿ ಮುಚ್ಚಿಹೋಗತ್ತೆ.

ಶ್ರೀಧರ ಮಾವ: ಚಾರ್ಟ್ ಡಿಲೀಟ್ ಮಾಡಲ್ಲ. 'ಕ್ಯಾಸಿಯೋಗೆ ಮಾತ್ರ' ಅಂತ ಬರೆದು ಮತ್ತೆ ಹಾಕ್ತೀನಿ. ವಿದ್ಯಾ, ಯಮಾಹಾದ್ದು ನೀನು ಬರೆದು ಕಳಿಸು.

ಧಾರವಾಡ ಭಾವ: ಅದರ ಕೆಳಗ 'ಮಾಲಕಂಸಕ್ಕಲ್ಲ' ಅಂತನೂ ಬರೀರಿ.